ಅಜ್ಜಿಯ ಮೀನಖಂಡ

ಪರೀಕ್ಷೆ ಸಮೀಪಿಸಿದಂತೆ ವಿದ್ಯಾರ್ಥಿಸಮೂಹವು ತಾನಾಗಿಯೇ ಎರಡು ಪಂಗಡವಾಗುತ್ತದೆ. ಬಾಗಿಲು ಹಾಕಿಕೊಂಡು ಓದುವವರದು ಒಂದು. ಬಾಗಿಲು ತೆರೆದಿಟ್ಟು ಓದುವವರದು ಮತ್ತೊಂದು. ಮೊದಲನೆಯ ಪಂಗಡದವರನ್ನು ಕುರಿತು ಹೇಳತಕ್ಕದ್ದೇನೂ ಇಲ್ಲ. ಅವರು ಯಾರ ಕಣ್ಣಿಗೂ ಬೀಳುವುದಿಲ್ಲ. ಫಲಿತಾಂಶದ ದಿನವೇ ಅವರ ದರ್ಶನ.

ಎರಡನೆಯ ಪಂಗಡಕ್ಕೆ ಸೇರಿದ ನಾಲ್ವರು ಮೈಸೂರಿನ ಸರಸ್ವತೀಪುರದ ಹಳೆಯ ಮನೆಯೊಂದರ ಮಹಡಿಯಲ್ಲಿ ಚಾಪೆ ಹಾಸಿ ಕುಳಿತಿದ್ದರು. ವೈದ್ಯಕೀಯ ಕಾಲೇಜಿನ ಮೊದಲ ವರ್ಷದವರು. ಶರೀರಕ್ರಿಯಾಶಾಸ್ತ್ರದ ಪರೀಕ್ಷೆಗೆ ಉಳಿದಿದ್ದುದು 18 ದಿನ. ಅಂದಿನ ಪಾಠ ನರ ಮತ್ತು ಸ್ನಾಯು. ಈ ಅಧ್ಯಾಯಕ್ಕೆ ಒಂದು ದುರ್ಗುಣವಿದೆ. ಓದುವಾಗ ಎಲ್ಲವೂ ತಿಳಿದಂತೆಯೇ ತೋರುತ್ತದೆ; ಪುಸ್ತಕ ಮುಚ್ಚಿದೊಡನೆ ಸೋಡಿಯಮ್ ಎತ್ತ ಹೋಯಿತು, ಪೊಟ್ಯಾಸಿಯಮ್ ಎತ್ತಣಿಂದ ಬಂತು ಎಂಬುದು ಯಾರಿಗೂ ನೆನಪಿರುವುದಿಲ್ಲ.

ನಾಲ್ವರಲ್ಲಿ ಒಬ್ಬನು ಆ ಮನೆಯ ಹುಡುಗ, ತರಗತಿಗೆ ಮೊದಲಿಗ. ಇನ್ನೊಬ್ಬನು ಅವನ ನೆರೆಮನೆಯ ಗೆಳೆಯ; ಮಾತು ಕಡಿಮೆ, ಚಿತ್ರ ಬರೆಯುವುದರಲ್ಲಿ ನಿಪುಣ. ಮೂರನೆಯವಳು ಬೆಂಗಳೂರಿನವಳು. ನಾಲ್ಕನೆಯವಳು ಹಿರಿಯೂರಿನ ಆಚೆಯ ಒಂದು ಹಳ್ಳಿಯವಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವಳು. ಕಾಲೇಜಿನ ಕಿರುಪರೀಕ್ಷೆಯಲ್ಲಿ ಇದೇ ಅಧ್ಯಾಯ ಅವಳ ಕೈಬಿಟ್ಟಿತ್ತು. ಈ ಸಲ ಪರೀಕ್ಷೆಗೆ ಕೂರುವುದಿಲ್ಲವೆಂದು ಅವಳು ನಿಶ್ಚಯಿಸಿಯಾಗಿತ್ತು. ಮರುದಿನ ಬೆಳಿಗ್ಗೆ 7 ಗಂಟೆಗೆ ಊರಿಗೆ ಹೊರಡುವ ಬಸ್ಸಿನ ಟಿಕೆಟ್ಟು ಕೂಡ ಚೀಲದಲ್ಲಿತ್ತು. "ಹೋಗುವ ಮುಂಚೆ ಒಂದು ದಿನ ಬಂದು ಕೂತುಕೋ. ಓದದಿದ್ದರೆ ಬೇಡ, ಆ ಮನೆಯ ಕಾಫಿ ಚೆನ್ನಾಗಿರುತ್ತದೆ" ಎಂದು ಬೆಂಗಳೂರಿನವಳು ಎಳೆದುತಂದಿದ್ದಳು.

ಮನೆಯ ಹುಡುಗನೇ ಮೊದಲು ಮಾಡಿದನು. ಅವನದು ಗಂಗಾಪ್ರವಾಹ. ವಿಶ್ರಾಂತಿಯಲ್ಲಿರುವ ನರತಂತುವಿನ ಒಳಗು ಹೊರಗಿಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಪೊರೆಯಲ್ಲಿರುವ ಪಂಪು 3 ಸೋಡಿಯಮ್ ಅಯಾನುಗಳನ್ನು ಹೊರಕ್ಕೆ ದಬ್ಬಿ 2 ಪೊಟ್ಯಾಸಿಯಮ್ ಅಯಾನುಗಳನ್ನು ಒಳಕ್ಕೆ ತರುತ್ತದೆ. ಪ್ರಚೋದನೆ ಸಾಕಷ್ಟಾದೊಡನೆ ಸೋಡಿಯಮ್ಮಿನ ಬಾಗಿಲುಗಳು ತೆರೆದು, ಅದು ಒಳನುಗ್ಗಿ, ಒಳಗು ಕ್ಷಣಕಾಲ ಧನವಾಗುತ್ತದೆ. "ಆಮೇಲೆ ಪಂಪು ಸೋಡಿಯಮ್ಮನ್ನು ಹೊರಗೆ ಹಾಕಿ ಮೊದಲಿನ ಸ್ಥಿತಿಗೆ ತರುತ್ತದೆ. ಎಲ್ಲವೂ ಒಂದೆರಡು ಮಿಲಿಸೆಕೆಂಡಿನಲ್ಲಿ. ಇಷ್ಟೆ" ಎಂದು ಮುಗಿಸಿದನು.

"ಇಷ್ಟೆ" ಎಂಬ ಆ ಒಂದು ಮಾತು ತರಗತಿಗಳಲ್ಲಿ ಎಷ್ಟು ಬಾಯಿಗಳನ್ನು ಮುಚ್ಚಿಸಿದೆಯೋ!

ಹಳ್ಳಿಯ ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಊರಿಗೆ ಹೋಗುವವಳಿಗೆ ಮರ್ಯಾದೆಯ ಹಂಗೇನು? ಕೇಳಿಯೇಬಿಟ್ಟಳು. "ಪಂಪು ಅಷ್ಟು ಬೇಗ ಕೆಲಸ ಮಾಡುತ್ತದೆಯೆ? ನಮ್ಮ ಹೊಲದಲ್ಲಿ ಪಂಪು ರಾತ್ರಿಯೆಲ್ಲ ಓಡಿ ತೊಟ್ಟಿ ತುಂಬಿಸುತ್ತದೆ. ಈರುಳ್ಳಿ ಮಡಿಗೆ ನೀರು ಹೋಗುವುದು ತೂಬು ತೆಗೆದಾಗ. ಆಗ ಕರೆಂಟು ಇಲ್ಲದಿದ್ದರೂ ನೀರು ಹರಿಯುತ್ತದೆ. ಇಲ್ಲಿಯೂ ಹಾಗೆಯೇ ಇರಬೇಕಲ್ಲವೆ?"

ಮನೆಯ ಹುಡುಗನು ನಗಲು ಬಾಯಿ ತೆರೆದವನು ಹಾಗೆಯೇ ನಿಂತನು. ಚಿತ್ರಗಾರ ಗೆಳೆಯನು ಪುಸ್ತಕದ ಪುಟ ತಿರುವಿದನು. ಅಲ್ಲಿ ಇದ್ದುದು ಅವಳ ಮಾತೇ. ಸೋಡಿಯಮ್ಮಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಪೊಟ್ಯಾಸಿಯಮ್ಮಿನ ತೂಬು ತೆರೆಯುತ್ತದೆ, ಪೊಟ್ಯಾಸಿಯಮ್ ಹೊರಕ್ಕೆ ಹರಿದು ಒಳಗನ್ನು ಮತ್ತೆ ಋಣಗೊಳಿಸುತ್ತದೆ. ತೆರೆದ ತೂಬೊಂದರಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಅಯಾನುಗಳು ಹರಿದರೆ, ಪಂಪೊಂದು ಸಾಗಿಸುವುದು ಕೆಲವು ನೂರು ಮಾತ್ರ. ಪಂಪಿನ ಕೆಲಸ ತೊಟ್ಟಿಯನ್ನು ತುಂಬಿಟ್ಟಿರುವುದು. ದೊಡ್ಡ ನರತಂತುವಿನಲ್ಲಿ ಅದನ್ನು ವಿಷಹಾಕಿ ನಿಲ್ಲಿಸಿದರೂ, ತೊಟ್ಟಿ ಬರಿದಾಗುವತನಕ ಸಂಕೇತಗಳು ಸಾಗುತ್ತಲೇ ಇರುತ್ತವೆ.

"ಕಿರುಪರೀಕ್ಷೆಯಲ್ಲಿ ನಾನು ಪಂಪು ಎಂದೇ ಬರೆದಿದ್ದೆ. ಅಂಕವೂ ಬಂದಿತ್ತು" ಎಂದನು ಮೊದಲಿಗ. ಅವನ ಮುಖ ಸ್ವಲ್ಪ ಕೆಂಪೇರಿತ್ತು. ಆದರೆ ಕೂಡಲೇ ಪೆನ್ಸಿಲ್ ತೆಗೆದು ತನ್ನ ಟಿಪ್ಪಣಿಯ ಅಂಚಿನಲ್ಲಿ "ತೊಟ್ಟಿ, ತೂಬು" ಎಂದು ಬರೆದುಕೊಂಡನು.

ಈ ಹೊತ್ತಿಗೆ ಅಜ್ಜಿ ಕಾಫಿಯ ತಟ್ಟೆ ಹಿಡಿದು, ಒಂದೊಂದು ಮೆಟ್ಟಿಲಿಗೂ ದೇವರ ಹೆಸರು ಹೇಳುತ್ತ ಮೇಲೆ ಬಂದರು. ತಟ್ಟೆ ಇಳಿಸಿ ಕಾಲು ಚಾಚಿ ಕುಳಿತು, "ನೀವೆಲ್ಲ ಡಾಕ್ಟರಾಗುವವರು, ನೋಡ್ರಪ್ಪ, ಈ ಕಾಲಿನ ನರ ಹೇಗೆ ಉಬ್ಬಿಕೊಂಡಿದೆ!" ಎಂದರು.

"ಅದು ನರವಲ್ಲ ಅಜ್ಜಿ, ರಕ್ತನಾಳ" ಎಂದಳು ಬೆಂಗಳೂರಿನವಳು.

ಹಳ್ಳಿಯ ಹುಡುಗಿ ಕಾಫಿಯ ಲೋಟವನ್ನು ಕೆಳಗಿಟ್ಟಳು. ತನ್ನ ಕಷ್ಟವೆಲ್ಲ ಇದೇ ಎಂದಳು. ಅವಳ ಮನೆಯಲ್ಲಿ ನರವೆಂದರೆ ಗುದ್ದಲಿ ಹಿಡಿದಾಗ ತಂದೆಯ ತೋಳಿನಲ್ಲಿ ಏಳುವ ನೀಲಿ ಹುರಿ. ಶಾಲೆಯ ಪುಸ್ತಕದಲ್ಲಿ ನರವೇ ಬೇರೆ, ರಕ್ತನಾಳವೇ ಬೇರೆ. ಆದರೂ ಪದವನ್ನು ಕಂಡೊಡನೆ ಮನಸ್ಸಿನಲ್ಲಿ ಏಳುತ್ತಿದ್ದುದು ಆ ನೀಲಿ ಕೊಳವೆ. ಅದರೊಳಗೆ ವಿದ್ಯುತ್ತು ರಕ್ತದಂತೆ ಹರಿದುಹೋಗುತ್ತದೆಂದೇ ಅವಳು ತಿಳಿದಿದ್ದಳು.

ಇದರಲ್ಲಿ ಅವಳೊಬ್ಬಳ ತಪ್ಪೇನೂ ಇಲ್ಲ. ಈ ಎರಡು ಪದಗಳಷ್ಟು ಅಲೆದಾಡಿದ ಪದಗಳು ವಿರಳ. ಸುಶ್ರುತಸಂಹಿತೆಯ ಲೆಕ್ಕದಲ್ಲಿ ದೇಹದಲ್ಲಿ ಪೇಶಿಗಳು 500, ಸ್ನಾಯುಗಳು 900. ಅಲ್ಲಿ ಮಾಂಸಲವಾದುದು ಪೇಶಿ. ಸ್ನಾಯುವೆಂಬುದು ಕಟ್ಟಿ ಹಿಡಿಯುವ ನಾರು. ಅದೇ ಸ್ನಾಯು ಕನ್ನಡಿಗರಿಗೂ ಮರಾಠಿಗರಿಗೂ ಇಂದು ಮಾಂಸಖಂಡ, ಬಂಗಾಳಿಗಳಿಗೆ ನರ! ಗ್ರೀಕರ ನ್ಯೂರಾನ್ ಎಂಬ ಪದಕ್ಕೂ ಮೊದಲು ಇದ್ದ ಅರ್ಥ ಹುರಿ, ನಾರು ಎಂದೇ. ಇನ್ನು ಇಂಗ್ಲಿಷಿನವರ ಮಸಲ್ ಲ್ಯಾಟಿನ್ನಿನ 'ಚಿಕ್ಕ ಇಲಿ'ಯಿಂದ ಬಂದುದು. ಚರ್ಮದಡಿಯಲ್ಲಿ ಓಡಾಡುವ ಮಾಂಸವನ್ನು ಕಂಡು ಅವರಿಗೆ ಇಲಿ ನೆನಪಾಯಿತು; ಮೊಣಕಾಲಿನ ಹಿಂದೆ ಕೆಳಗೆ ಕಂಡು ಕನ್ನಡಿಗನಿಗೆ ಮೀನು ನೆನಪಾಯಿತು.

ಚಿತ್ರಗಾರನು ಕಾಗದದ ಮೇಲೆ ಒಂದು ಸರಪಟಾಕಿ ಬರೆದನು. "ಕೊಳವೆಯನ್ನು ಮರೆತುಬಿಡು. ಬೆಂಕಿ ಈ ತುದಿಯಿಂದ ಆ ತುದಿಗೆ ಹೋಗುತ್ತದೆ; ಪಟಾಕಿ ಇದ್ದಲ್ಲಿಯೇ ಇರುತ್ತದೆ. ಒಂದು ತುಣುಕು ಪಕ್ಕದ ತುಣುಕನ್ನು ಹೊತ್ತಿಸುತ್ತದೆ, ಅಷ್ಟೆ. ಅರ್ಧ ಹೊತ್ತುವುದೆಂಬುದಿಲ್ಲ. ನರ ಮತ್ತೆ ಸಿದ್ಧವಾಗುತ್ತದೆ, ಪಟಾಕಿ ಆಗುವುದಿಲ್ಲ, ಅದೊಂದೇ ವ್ಯತ್ಯಾಸ." ಅಂದು ಅವನಾಡಿದ ಅತಿ ದೀರ್ಘವಾದ ಮಾತು ಇದು.

ಅಜ್ಜಿಯ ಅಹವಾಲು ಇನ್ನೂ ಮುಗಿದಿರಲಿಲ್ಲ. ರಾತ್ರಿ ಮಲಗಿದಾಗ ಮೀನಖಂಡ ಹಿಡಿದುಕೊಳ್ಳುತ್ತದೆ. ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎಳೆದರೆ ಬಿಡುತ್ತದೆ. ಏಕೆ? ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮೀನಖಂಡದ ನರ ಅಪ್ಪಣೆಯ ಮೇಲೆ ಅಪ್ಪಣೆ ಕಳುಹಿಸುತ್ತಿರುವುದರಿಂದ ಹಿಡಿತ. ಎಳೆದಾಗ ತುದಿಯ ನಾರಿನಲ್ಲಿರುವ ಬಿಗಿತ ಬಲ್ಲ ನರಗಳು ಬೆನ್ನುಹುರಿಗೆ ದೂರು ಒಯ್ಯುತ್ತವೆ, ಬೆನ್ನುಹುರಿ ಅಪ್ಪಣೆಯನ್ನು ತಡೆಯುತ್ತದೆ. ಹೀಗೆ ಒಬ್ಬರು ಅರ್ಧ, ಇನ್ನೊಬ್ಬರು ಅರ್ಧ ಹೇಳಿ ಉತ್ತರ ಕೂಡಿಸಿದರು.

"ಹಿಡಿಯುವುದೆಂದರೆ ಏನು? ಒಳಗಿನ ಎಳೆಗಳು ಗಿಡ್ಡವಾಗುತ್ತವೆಯೆ?" ಎಂದಳು ಹಳ್ಳಿಯ ಹುಡುಗಿ. ಈಗ ಅವಳು ಚಾಪೆಯ ಮೇಲೆ ಮುಂದಕ್ಕೆ ಸರಿದು ಕುಳಿತಿದ್ದಳು.

ಬೆಂಗಳೂರಿನವಳು ಎರಡು ಕೈಗಳ ಬೆರಳುಗಳನ್ನು ಎದುರುಬದುರಾಗಿ ಹಿಡಿದು, ಒಂದರ ಸಂದಿಗೊಂದನ್ನು ತೂರಿಸಿದಳು. ಎರಡು ಅಂಗೈಗಳೂ ಹತ್ತಿರವಾದುವು. "ಬೆರಳು ಗಿಡ್ಡವಾಯಿತೇ? ಇಲ್ಲ. ಆಕ್ಟಿನ್ ಎಳೆ ಮಯೋಸಿನ್ ಎಳೆಯ ಪಕ್ಕದಲ್ಲಿ ಜಾರುತ್ತದೆ. ಕಪ್ಪು ಪಟ್ಟೆಯ ಉದ್ದ ಇದ್ದಷ್ಟೇ ಇರುತ್ತದೆ. ಬಿಳಿ ಪಟ್ಟೆ ಮಾತ್ರ ಕಿರಿದಾಗುತ್ತದೆ." ಈ ಸಂಗತಿ 1954ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳಾಗಿ ಪ್ರಕಟವಾಯಿತು. ಒಂದನ್ನು ಬರೆದವರು ಆಂಡ್ರೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗೆರ್ಕೆ. ಇನ್ನೊಂದನ್ನು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಎಂಬ ಮಹಿಳೆ. ಹಕ್ಸ್‌ಲಿದ್ವಯರು ಬಂಧುಗಳಲ್ಲ. ಅದಕ್ಕೂ ಇಬ್ಬಿಬ್ಬರು ಕೂಡಬೇಕಾಯಿತು.

ಮೊದಲಿಗನು ತನ್ನ ಪಾಲನ್ನು ಸೇರಿಸಿದನು. ನರದ ತುದಿಯಿಂದ ಅಸಿಟೈಲ್‌ಕೋಲೀನ್ ಒಸರಿ, ಸ್ನಾಯುತಂತುವಿನಲ್ಲಿ ಹೊಸ ಸಂಕೇತವೆದ್ದು, ಒಳಗಿನ ಚೀಲಗಳಿಂದ ಕ್ಯಾಲ್ಸಿಯಮ್ ಹೊರಬಿದ್ದಾಗಲೇ ಮಯೋಸಿನ್ನಿನ ತಲೆ ಆಕ್ಟಿನ್ನನ್ನು ಹಿಡಿಯಬಲ್ಲದು. ಬಿಡಬೇಕಾದರೆ ಅದಕ್ಕೆ ಎಟಿಪಿ ಬೇಕು. "ಆದ್ದರಿಂದಲೇ ಸತ್ತವರ ದೇಹ ಕೆಲವು ಗಂಟೆಗಳಲ್ಲಿ ಸೆಟೆದುಕೊಳ್ಳುತ್ತದೆ. ಎಟಿಪಿ ಮುಗಿದಿರುತ್ತದೆ, ಹಿಡಿದದ್ದನ್ನು ಬಿಡಲು..."

"ದೀಪ ಹಚ್ಚುವ ಹೊತ್ತಿನಲ್ಲಿ ಹೆಣದ ಮಾತೇಕಪ್ಪಾ?" ಎಂದು ಅಜ್ಜಿ ಎದ್ದರು.

ಹುಡುಗಿಯರು ಎಂಟು ಗಂಟೆಯೊಳಗೆ ಹಾಸ್ಟೆಲ್ ಸೇರಬೇಕು. ಪುಸ್ತಕಗಳನ್ನು ಎತ್ತಿಡುವಾಗ ಹಳ್ಳಿಯವಳು ತಾನು ನಿಲ್ಲಿಸಿದ ಪುಟಕ್ಕೆ ಗುರುತಿಡಲು ಚೀಲದಲ್ಲಿ ಕೈಯಾಡಿಸಿದಳು. ಸಿಕ್ಕಿದ್ದು ಬಸ್ಸಿನ ಟಿಕೆಟ್ಟು. ಅದನ್ನೇ ಇಟ್ಟು ಪುಸ್ತಕ ಮುಚ್ಚಿದಳು. ಮೆಟ್ಟಿಲಿಳಿದು ಅಂಗಳಕ್ಕೆ ಬಂದ ಮೇಲೆ, "ನಾಳೆ ಎಷ್ಟು ಗಂಟೆಗೆ ಬರಲಿ?" ಎಂದು ಕೇಳಿದಳು.

"ಒಂಬತ್ತಕ್ಕೆ" ಎಂದನು ಮನೆಯ ಹುಡುಗ.

"ನಾಳೆ ಯಾವ ಪಾಠವೋ?" ಎಂದರು ಒಳಗಿನಿಂದ ಅಜ್ಜಿ.

"ರಕ್ತದೊತ್ತಡ, ಅಜ್ಜಿ."

"ಹಾಗಾದರೆ ಉಪ್ಪಿಟ್ಟಿಗೆ ಉಪ್ಪು ಕಡಿಮೆ ಹಾಕಿಸುತ್ತೇನೆ."