ದೀಪ ಹತ್ತೈತಲ್ಲ, ಕುಡೀರಿ!

ನನ್ನ ಹಲ್ಲು ನೋಡಿ. ನೋಡಿ ನಗಿರಿ. ಕಾಲೇಜಿನಲ್ಲಿ ಎಲ್ಲರೂ ನಕ್ಕವರೇ: “ಗುಟ್ಕಾ ಜಾಸ್ತಿ ಆಯ್ತೇನಲೇ?” ಗುಟ್ಕಾ ಅಲ್ಲ ಸ್ವಾಮಿ, ಕೂಡ್ಲಿಗಿ ಸೀಮೆಯ ಬೋರ್‌ವೆಲ್ ನೀರು. ದವಡೆಯೊಳಗೆ ಹಲ್ಲು ಕಟ್ಟುವ ವಯಸ್ಸಿನಲ್ಲೇ ಫ್ಲೋರೈಡ್ ಎಳೆದ ಕಂದು ಗೆರೆ. ಎಷ್ಟು ಉಜ್ಜಿದರೂ ಹೋಗದು. ಅದೇ ನೀರು ನಮ್ಮವ್ವನ ಮಂಡಿಗಿಳಿಯಿತು. ಕುಂತರೆ ಏಳಾಕಾಗಲ್ಲ, ಎದ್ದರೆ ಕುಂದ್ರಾಕಾಗಲ್ಲ.

ನಮ್ಮ ಉದ್ಧಾರಕ್ಕೆಂದು ಶುದ್ಧ ಕುಡಿಯುವ ನೀರಿನ ಘಟಕ ಬಂತು. ರಿಬ್ಬನ್ ಕತ್ತರಿಸಿದವರು ಬಾಟ್ಲಿ ನೀರು ಕುಡಿದು ಹೋದರು. ಆಮೇಲೆ ಫ್ಲೋರೈಡ್ ಸೋಸುವ ಮೆಂಬ್ರೇನ್ ಕೆಟ್ಟಿತು, ಬದಲಿಸುವವರಿಲ್ಲ; ಘಟಕದ ದೀಪ ಮಾತ್ರ ಉರಿಯುತ್ತಲೇ ಇತ್ತು. ಕೇಳಲು ಹೋದ ಅವ್ವನಿಗೆ ಸಿಕ್ಕ ಉತ್ತರ: “ದೀಪ ಹತ್ತೈತಲ್ಲಬೇ, ಕುಡೀರಿ. ನಿಮ್ಮ ಕೇರಿಯೋರಿಗೆ ಇದೇ ಹೆಚ್ಚಾತು.”

ಆ ಮಾತಿನ ಮೇಲೆ ನಾನು ಉಗುಳುತ್ತೇನೆ.

ಪೂರ್ತಿ ಕೆಟ್ಟು ನಿಂತ ಘಟಕಕ್ಕೆ ನಾನು ಹೆದರಲ್ಲ. ಅದಕ್ಕೆ ಬೀಗ ಬಿದ್ದರೆ ಕೊಡ ಹೊತ್ತು ಬೇರೆ ಕಡೆ ಅಲೆಯುತ್ತೇವೆ. ಕೊಲ್ಲುವುದು ಅರೆಜೀವದ ಯಂತ್ರ. ಮೋಟಾರು ಓಡುತ್ತದೆ, ನಾಣ್ಯ ನುಂಗುತ್ತದೆ, ನೀರು ತಿಳಿಯಾಗಿ ಸುರಿಯುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ಸಿಕ್ಕುವುದಿಲ್ಲ. ಕಾಸಿದರೂ ಹೋಗದು, ನೀರು ಬತ್ತಿದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ. ಬೇರೆ ನೀರಿಲ್ಲದಿದ್ದರೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ದೇಶದ್ದೇ ಮಾನದಂಡ. ಅಳೆಯುವವನೇ ಬರದ ಊರಲ್ಲಿ ಅದು ಯಾರ ಹಲ್ಲು ಕಾಯುತ್ತದೆ?

ಫ್ಲೋರೈಡೊಂದೇ ಅಲ್ಲ; ಹಡಗಲಿ ತಾಲ್ಲೂಕಿನ ಮಕರಬ್ಬಿ ಮರೆತಿರಾ? 2021ರಲ್ಲಿ ಕಲುಷಿತ ನೀರು ಕುಡಿದು ಅಲ್ಲಿ ಆರು ಜನ ಸತ್ತರು. ಸತ್ತ ಮೇಲೆ ತನಿಖೆ, ಸತ್ತ ಮೇಲೆ 3 ಲಕ್ಷದ ಪರಿಹಾರ ಘೋಷಣೆ. ಬದುಕಿದ್ದವರ ಕೊಡಕ್ಕೆ ಇಲ್ಲದ ಬೆಲೆ ಹೆಣಕ್ಕೆ ಬಂತು.

ಆಳುವವರೇ, ನಮ್ಮನ್ನು ಉದ್ಧರಿಸಲು ನೀವು ನಕ್ಷೆಗಳನ್ನಂತೂ ಧಾರಾಳವಾಗಿ ತಿದ್ದಿದಿರಿ. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಕೊಟ್ಟಿರಿ, ಮತ್ತೆ ಬಳ್ಳಾರಿಗೆ ತಂದಿರಿ, 2021ರಲ್ಲಿ ಎಲ್ಲರನ್ನೂ ಸೇರಿಸಿ ವಿಜಯನಗರ ಜಿಲ್ಲೆ ಎಂದಿರಿ. ಹಿಂದುಳಿದ ಸೀಮೆಗೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂತೆಂದು ಮೆರವಣಿಗೆ ಮಾಡಿದಿರಿ. ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ. ನಮ್ಮವ್ವ ಪಾತಾಳದ ವಿಷಕ್ಕೆ ನಾಣ್ಯ ಹಾಕುತ್ತಾಳೆ.

ಬೋರ್ಡು ಬದಲಾಯಿತು. ನಮ್ಮೂರ ಮೆಂಬ್ರೇನು ಬದಲಾಗಲಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಅಕ್ಕಂದಿರೇ, ಹತ್ತಿದ ದೀಪ ನಂಬಬೇಡಿ. ನೀರು ಪರೀಕ್ಷೆಯ ವರದಿಯನ್ನು ತಾರೀಖಿನ ಸಮೇತ ಘಟಕದ ಗೋಡೆಗೆ ಅಂಟಿಸಲು ಹೇಳಿ. ಅಂಟಿಸದಿದ್ದರೆ ಆ ನೀರನ್ನೇ ಒಂದು ಲೋಟ ತುಂಬಿ ಸಾಹೇಬರ ಮೇಜಿನ ಮೇಲಿಡಿ. ಅವರು ಕುಡಿಯದ ನೀರು ನಮ್ಮ ಮಕ್ಕಳಿಗೂ ಬೇಡ.