ಶಿವಪುರದ ಎರಡು ಧ್ವಜಗಳು

ಮದ್ದೂರಿನ ಬಳಿ ಶಿವಪುರದ ಸತ್ಯಾಗ್ರಹ ಸೌಧವನ್ನು ಕಾಣದವರು ನಮ್ಮಲ್ಲಿ ವಿರಳ. 1938ರ ಏಪ್ರಿಲ್ ತಿಂಗಳಲ್ಲಿ ಅಲ್ಲಿ ನೆರೆದ ಮೈಸೂರು ಕಾಂಗ್ರೆಸ್ಸಿನ ಅಧಿವೇಶನದಲ್ಲಿ, ಸಂಸ್ಥಾನ ಸರ್ಕಾರದ ನಿಷೇಧವನ್ನು ಮೀರಿ ಟಿ. ಸಿದ್ದಲಿಂಗಯ್ಯನವರು ಧ್ವಜವನ್ನೇರಿಸಿ ಬಂಧನಕ್ಕೊಳಗಾದರು. ಇಷ್ಟನ್ನು ನಮ್ಮ ಮಕ್ಕಳೂ ಬಲ್ಲರು. ಅನಂತರ ನಡೆದುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನರು ಬಲಿಯಾದರು. ಸತ್ತವರೆಷ್ಟು ಎಂಬಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಾಗಲಿಲ್ಲ. ಸಂಸ್ಥಾನವೇ ಹೊತ್ತಿ ಉರಿಯಬಹುದಾಗಿದ್ದ ಆ ಸಮಯದಲ್ಲಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದರು. ಕಾಂಗ್ರೆಸ್ಸಿನ ಸಮಾರಂಭಗಳಲ್ಲಿ ಅದರ ಧ್ವಜದೊಡನೆ ಸಂಸ್ಥಾನದ ಧ್ವಜವೂ ಹಾರತಕ್ಕದ್ದೆಂಬುದು ಆಗಿನ ಒಪ್ಪಂದದ ಒಂದು ಮುಖ್ಯ ಅಂಶ. ಯಾರೂ ತಮ್ಮ ಧ್ವಜವನ್ನು ಕೆಳಗಿಳಿಸಬೇಕಾಗಲಿಲ್ಲ. ಎದುರಾಳಿಯ ಧ್ವಜಕ್ಕೂ ಎಡೆಗೊಡಬೇಕಾಯಿತು, ಅಷ್ಟೆ.

ಒಪ್ಪಂದದಿಂದ ಎಲ್ಲವೂ ಮುಗಿಯಿತೆಂದಲ್ಲ. ಮರುವರ್ಷವೇ ಸತ್ಯಾಗ್ರಹ ಮತ್ತೆ ಆರಂಭವಾಯಿತು. 1947ರಲ್ಲಿ 'ಮೈಸೂರು ಚಲೋ' ಚಳವಳಿ ನಡೆದು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಸೆರೆಮನೆಯನ್ನು ಕಂಡಿದ್ದವರು ಮಂತ್ರಿಗಳಾದರು. ಆದರೆ ಗೆದ್ದವರು ಮಹಾರಾಜರನ್ನು ಹೊರದೂಡಲಿಲ್ಲ. ಜಯಚಾಮರಾಜೇಂದ್ರ ಒಡೆಯರು ಮೊದಲು ರಾಜಪ್ರಮುಖರಾಗಿ, 1956ರಿಂದ ರಾಜ್ಯಪಾಲರಾಗಿ ಅದೇ ನಾಡಿನ ಸೇವೆಯಲ್ಲಿದ್ದರು. ಸೋತವನಿಗೂ ಮನೆಯಲ್ಲಿ ಮಣೆ ಹಾಕಿದ ನಾಡು ನಮ್ಮದು.

ಈ ಭಾಗ್ಯ ಎಲ್ಲ ದೇಶಗಳಿಗೂ ದೊರೆಯಲಿಲ್ಲ. ಆಫ್ರಿಕದ ಮೊಜಾಂಬಿಕ್ ದೇಶದಲ್ಲಿ ಸರ್ಕಾರಕ್ಕೂ ಬಂಡಾಯಗಾರರಿಗೂ ನಡುವೆ ಸುಮಾರು ಹದಿನಾರು ವರ್ಷ ಯುದ್ಧ ನಡೆಯಿತು. ರೋಮ್ ನಗರದ ಸಂತ ಎಜಿದಿಯೊ ಸಮುದಾಯದ ಕಥೋಲಿಕ ಶ್ರೀಸಾಮಾನ್ಯರು, ಅದೇ ದೇಶದ ಬೈರಾ ಧರ್ಮಪ್ರಾಂತ್ಯದ ಮಹಾಧರ್ಮಾಧ್ಯಕ್ಷರೊಡಗೂಡಿ, ಎರಡೂ ಪಕ್ಷಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿದರು. 1992ರ ಅಕ್ಟೋಬರ್ 4ರಂದು, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ, ಒಪ್ಪಂದಕ್ಕೆ ಸಹಿಯಾಯಿತು. ಎರಡು ವರ್ಷಗಳಲ್ಲಿ ಚುನಾವಣೆಯೂ ನಡೆಯಿತು. ಆದರೂ 2013ರಲ್ಲಿ ಬಂದೂಕುಗಳು ಮತ್ತೆ ಸದ್ದು ಮಾಡಿದವು. 2019ರಲ್ಲಿ ಹೊಸದಾಗಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಸಹಿ ಬಿದ್ದ ಮಾತ್ರಕ್ಕೆ ಮನಸ್ಸುಗಳು ಕೂಡುವುದಿಲ್ಲ.

ಇದರ ಕಾರಣವನ್ನು ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿಯೇ ವಿವೇಚಿಸಿದ್ದಾರೆ. ಅವರ ದೃಷ್ಟಿಯಲ್ಲಿ ನ್ಯಾಯವು ಶಾಂತಿಯ ದಾರಿಯಲ್ಲಿರುವ ಅಡ್ಡಿಗಳನ್ನು ನಿವಾರಿಸುತ್ತದೆ. ಶಾಂತಿಯನ್ನು ನೇರವಾಗಿ ಉಂಟುಮಾಡುವುದು ಪ್ರೀತಿ. ಹೊಲದ ಕಲ್ಲುಗಳನ್ನು ಆಯ್ದು ತೆಗೆಯುವುದು ಒಂದು ಕೆಲಸ, ಬಿತ್ತುವುದು ಇನ್ನೊಂದು. ಕಲ್ಲು ತೆಗೆಯದೆ ಬಿತ್ತಿದರೆ ಬೆಳೆ ಬಾರದು. ಕಲ್ಲು ತೆಗೆದು ಸುಮ್ಮನೆ ಕುಳಿತರೂ ಬಾರದು. ಆದುದರಿಂದ ಶಾಂತಿಯ ಹೆಸರಿನಲ್ಲಿ ನೊಂದವನಿಗೆ 'ಬಾಯಿ ಮುಚ್ಚಿಕೊಂಡಿರು' ಎನ್ನುವುದು ಅನ್ಯಾಯ. ತಪ್ಪಿತಸ್ಥನಿಗೆ ಶಿಕ್ಷೆಯಾದೊಡನೆ ನಮ್ಮ ಹೊಣೆ ಮುಗಿಯಿತೆನ್ನುವುದು ಭ್ರಮೆ.

ಈ ಮಾತು ದೂರದ ದೇಶಗಳಿಗೆ ಮಾತ್ರ ಸಲ್ಲುವಂಥದಲ್ಲ. 2024ರ ಜನವರಿಯಲ್ಲಿ ಮಂಡ್ಯ ತಾಲ್ಲೂಕಿನ ಕೆರಗೋಡಿನಲ್ಲಿ ಧ್ವಜದ ವಿಷಯವಾಗಿಯೇ ಜನರು ಬೀದಿಗಿಳಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಬೆಂಕಿಗೆ ಆಹುತಿಯಾದವು. 2025ರ ಸೆಪ್ಟೆಂಬರಿನಲ್ಲಿ, ಎರಡು ಧ್ವಜಗಳ ಒಪ್ಪಂದಕ್ಕೆ ಕಾರಣವಾದ ಮದ್ದೂರಿನ ನೆಲದಲ್ಲಿಯೇ, ಅಂತಹುದೇ ಮೆರವಣಿಗೆಯ ಮೇಲೆ ಕಲ್ಲು ತೂರಾಟವಾಯಿತು. ಪೊಲೀಸರು, ನ್ಯಾಯಾಲಯಗಳು, ಶಾಂತಿಸಭೆಗಳು ತಮ್ಮ ಕೆಲಸ ಮಾಡಲಿ. ಅದು ಕಲ್ಲು ತೆಗೆಯುವ ಕೆಲಸ. ಬಿತ್ತುವವರಾರು?

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ನಾವು ಕಥೋಲಿಕರು ಸಂಖ್ಯೆಯಲ್ಲಿ ಅಲ್ಪರು. 'ಇದು ನಮ್ಮ ಜಗಳವಲ್ಲ' ಎಂದು ಬಾಗಿಲು ಹಾಕಿಕೊಳ್ಳುವುದು ನಮಗೆ ಸುಲಭ. ಆದರೆ ಎರಡೂ ಕಡೆಯ ಮನೆಗಳಿಗೆ ಸಲುಗೆಯಿಂದ ಹೋಗಬಲ್ಲವರಿಗೆ ಆ ಸಲುಗೆಯೇ ಒಂದು ಕರೆ. ಅಲ್ಲದೆ ನಮ್ಮ ದೇವಾಲಯಗಳೂ ಈ ಪರೀಕ್ಷೆಯಿಂದ ಹೊರತಲ್ಲ. ಕಾವೇರಿಯ ಬಿಸಿ ಏರಿದಾಗ, ಒಂದೇ ಬಲಿಪೂಜೆಗೆ ಬರುವ ಕನ್ನಡದ ಮನೆಯವರೂ ತಮಿಳಿನ ಮನೆಯವರೂ ಪೂಜೆ ಮುಗಿದೊಡನೆ ಪರಸ್ಪರ ಮುಖ ನೋಡದೆ ಹೋಗುವುದುಂಟು. ಕೆಲವೇ ನಿಮಿಷಗಳ ಹಿಂದೆ ಕೈಜೋಡಿಸಿ ಶಾಂತಿ ಕೋರಿದವರು ಇವರೇ ಅಲ್ಲವೆ?

ಆದುದರಿಂದ ನನ್ನ ವಿನಂತಿ ಇಷ್ಟು. ಊರಿನಲ್ಲಿ ಗಲಭೆಯ ಸುದ್ದಿ ಬಂದಾಗ, ನಿಜವೆಂದು ತಿಳಿಯದ ಮಾತನ್ನು ದೂರವಾಣಿಯಲ್ಲಿ ಮುಂದಕ್ಕೆ ಕಳುಹಿಸಬೇಡಿ. ಊಟದ ಹೊತ್ತಿನಲ್ಲಿ ಮಕ್ಕಳೆದುರು ಒಂದು ಜನಾಂಗವನ್ನೇ ಹಳಿಯುವ ಮಾತು ಬಂದರೆ, ಆಡಿದವರು ಹಿರಿಯರೇ ಆದರೂ ವಿನಯದಿಂದ ತಡೆಯಿರಿ. ಅಂಗಡಿ ಕಳೆದುಕೊಂಡವನು ಮತ್ತೆ ಬಾಗಿಲು ತೆರೆದ ದಿನ, ಅವನು ಯಾವ ಮತದವನೇ ಆಗಲಿ, ಅವನಲ್ಲಿಗೆ ಹೋಗಿ ವ್ಯಾಪಾರ ಮಾಡಿ. ಇದಕ್ಕಾಗಿ ನಮ್ಮವರಿಂದಲೇ ನಾಲ್ಕು ಮಾತು ಕೇಳಬೇಕಾದೀತು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ಸಮಾಧಾನವಾಗು ಎಂದ ಪ್ರಭುವು ಆ ದಾರಿ ಹಗುರವೆಂದು ಎಲ್ಲಿಯೂ ಹೇಳಲಿಲ್ಲ.