ಪವಾಡಕ್ಕೆ ಒರೆಗಲ್ಲು ಹಿಡಿಯಬೇಕೆ?

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡ, ಮೂಢನಂಬಿಕೆಗಳನ್ನು ಪರೀಕ್ಷಿಸಲೆಂದೇ ಒಂದು ಸಮಿತಿ ಮಾಡಿದರು. ಚಪ್ಪಾಳೆಯೂ ಬಿತ್ತು, ಬೈಗುಳವೂ ಬಿತ್ತು. ಆ ಜಗಳ ಇನ್ನೂ ಹರಿದಿಲ್ಲ. ದೆವ್ವ, ದೈವ, ಪವಾಡಗಳನ್ನು ವಿಜ್ಞಾನ ಕೆಣಕಿ ನೋಡಬೇಕೆ, ನಂಬುವವರ ಪಾಡಿಗೆ ಬಿಡಬೇಕೆ? ಬಸವನಗುಡಿಯ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಪರೀಕ್ಷೆಯ ಪರ. ಪುತ್ತೂರಿನ ಮನೋವೈದ್ಯೆಯೊಬ್ಬರು ವಿರೋಧ.

ಪರ: ಕೇಳದೆ ಬಿಟ್ಟರೆ ಲಾಭ ಯಾರಿಗೆ?

1995ರ ಸೆಪ್ಟೆಂಬರ್ 21. ಗಣಪತಿ ಹಾಲು ಕುಡಿಯುತ್ತಿದ್ದಾನೆಂದು ಸುದ್ದಿ ಹಬ್ಬಿ, ನಮ್ಮ ಬೀದಿಯ ಗುಡಿ ಮುಂದೆ ಗಲ್ಲಿ ತಿರುಗುವ ತನಕ ಸಾಲು. ಬೂತಿನಲ್ಲಿ ಹಾಲು ಖಾಲಿ. ಕಾಫಿಗೆಂದು ಉಳಿಸಿದ್ದ ಹಾಲನ್ನೇ ಅಮ್ಮ ಲೋಟಕ್ಕೆ ಬಗ್ಗಿಸಿಕೊಂಡು ನನ್ನನ್ನೂ ಎಳೆದುಕೊಂಡು ಹೋದಳು. ಚಮಚವನ್ನು ಸೊಂಡಿಲಿಗೆ ತಾಗಿಸಿದಳು. ಹಾಲು ಇಳಿಯಿತು, ಸುಳ್ಳಲ್ಲ. ನಾನು ಬಗ್ಗಿ ಗಣಪತಿಯ ಹೊಟ್ಟೆಯ ಕೆಳಗೆ ಬೆರಳಾಡಿಸಿದೆ. ಒದ್ದೆ. ತುಂಬಿದ ಚಮಚ ಕಲ್ಲಿಗೆ ಮುಟ್ಟಿದರೆ ಹಾಲು ಮೇಲ್ಮೈ ಸೆಳೆತದಿಂದ ಕಲ್ಲಿಗೆ ಅಂಟಿಕೊಂಡು, ಕಣ್ಣಿಗೆ ಬೀಳದಷ್ಟು ತೆಳ್ಳಗೆ ಮೈಗುಂಟ ಇಳಿಯುತ್ತದೆ. ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಇದನ್ನೇ ತೋರಿಸಿದರು. ಅಮ್ಮನಿಗೆ ನನ್ನ ಬೆರಳು ತೋರಿಸಿದೆ. 'ಅದು ನಂಗೂ ಗೊತ್ತಾಯ್ತು ಕಣೋ, ಆದ್ರೂ ಕುಡಿದ ಹಾಗೇ ಇತ್ತಲ್ಲ' ಅಂದಳು. ಆವತ್ತು ಸಿಟ್ಟು ಬಂದಿತ್ತು, ಈಗ ಬರುವುದಿಲ್ಲ. ನನ್ನ ಜಗಳ ಅಮ್ಮನ ಜೊತೆಗಲ್ಲ, ಅಮ್ಮನ ಹಾಲಿನಿಂದ ಬೆಣ್ಣೆ ತೆಗೆಯುವವರ ಜೊತೆ.

ಎಚ್ಚೆನ್ ಎಂದೇ ಹೆಸರಾದ ನರಸಿಂಹಯ್ಯ ಮೇಷ್ಟ್ರ ಜಗಳವೂ ಅದೇ ಆಗಿತ್ತು. ಗೌರಿಬಿದನೂರು ಕಡೆಯ ಹಳ್ಳಿಯಿಂದ ಬಂದು, ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರ ಓದಿ, ಮರಳಿ ಬಂದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಬಾಳಿದ ಮನುಷ್ಯ. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು, ತಮ್ಮ ಪವಾಡಗಳನ್ನು ಸಮಿತಿಯ ಮುಂದೆ ಮಾಡಿ ತೋರಿಸಬೇಕೆಂದು ಕೇಳಿದರು. ಉತ್ತರ ಬರಲಿಲ್ಲ. ಪತ್ರಿಕೆಯೊಂದರ ಸಂದರ್ಶನದಲ್ಲಿ ಬಾಬಾ, ವಿಜ್ಞಾನ ಇಂದ್ರಿಯಗಳ ಎಲ್ಲೆಯೊಳಗಿರಲಿ, ಅಧ್ಯಾತ್ಮ ಅದರಾಚೆಯದು ಎಂಬರ್ಥದ ಮಾತಾಡಿದರು. ಕೇಳಲು ಚೆನ್ನಾಗಿದೆ. ಆದರೆ ಇಂದ್ರಿಯದಾಚೆಯದು ಅಂಗೈಗೆ ಬಿದ್ದು ಘಮಘಮ ಎನ್ನಬಾರದು. ಬಾಬಾ ಬರಿಗೈಯಿಂದ ಉದುರಿಸಿದ ವಿಭೂತಿ ಕಣ್ಣಿಗೆ ಕಂಡ ಮೇಲೆ ಅದು ನನ್ನ ಊರಿಗೆ ಬಂದ ಹಾಗೆ. ಊರಿಗೆ ಬಂದವರನ್ನು 'ಎಲ್ಲಿಂದ ಬಂದಿರಿ' ಎಂದು ಕೇಳುವುದು ಅಪಮಾನವಲ್ಲ.

ಧರ್ಮಕ್ಕೇ ಪವಾಡದ ಮೇಲೆ ಅಷ್ಟೇನೂ ಗೌರವವಿರಲಿಲ್ಲ ಎಂಬುದು ಈಗ ಮರೆತೇ ಹೋಗಿದೆ. ಪತಂಜಲಿ ಸಿದ್ಧಿಗಳನ್ನು ಪಟ್ಟಿ ಮಾಡಿ, ಇವು ಸಮಾಧಿಗೆ ಅಡ್ಡಿ ಎಂದುಬಿಟ್ಟ. ಗಂಧದ ಬಟ್ಟಲಿಗಾಗಿ ಆಕಾಶಕ್ಕೆ ಹಾರಿದ ಶಿಷ್ಯನನ್ನು ಬುದ್ಧ ಬೈದ. ವರ್ಷಗಟ್ಟಲೆ ತಪಸ್ಸು ಮಾಡಿ ನೀರಿನ ಮೇಲೆ ನಡೆಯಲು ಕಲಿತವನ ಸಿದ್ಧಿಯ ಬೆಲೆ ದೋಣಿಯವನಿಗೆ ಕೊಡುವ ಒಂದು ಪೈಸೆ ಎಂದು ರಾಮಕೃಷ್ಣ ಪರಮಹಂಸರು ಲೆಕ್ಕ ಹಾಕಿದರು. ನಮ್ಮ ಅಲ್ಲಮನ ಕಥೆಯೇ ಇದೆ: ತನ್ನದು ವಜ್ರಕಾಯ ಎಂದು ಬೀಗುತ್ತಿದ್ದ ಗೋರಕ್ಷನನ್ನು ಖಡ್ಗದಿಂದ ಹೊಡೆದು ನೋಡಿದಾಗ ಠಣ್ ಎಂದಿತಂತೆ. ಅದೇ ಖಡ್ಗ ಅಲ್ಲಮನ ಮೈಯಲ್ಲಿ ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತಂತೆ. ಪವಾಡವನ್ನು ಇನ್ನೊಂದು ಪವಾಡದಿಂದ ಸೋಲಿಸಿದ್ದು ನನ್ನಂಥವನಿಗೆ ಒಗ್ಗದು, ನಿಜ. ಆದರೂ 'ಹೇಳಿದ್ದನ್ನು ತೋರಿಸು' ಎನ್ನುವ ಛಲ ಈ ಮಣ್ಣಿಗೆ ವಿಲಾಯಿತಿಯಿಂದ ಬಂದದ್ದಲ್ಲ.

ಇದು ಬರೀ ತರ್ಕದ ಮೋಜಾಗಿದ್ದರೆ ನಾನು ಈ ವಯಸ್ಸಿನಲ್ಲಿ ಪೆನ್ನು ಹಿಡಿಯುತ್ತಿರಲಿಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆಂದು ಅಂದಾಜು. ಮಂತ್ರ ಹಾಕುವವನ ಹತ್ತಿರ ಓಡಿದವರಲ್ಲಿ ಬಹಳ ಮಂದಿ ಬದುಕುತ್ತಾರೆ, ಏಕೆಂದರೆ ನಮ್ಮಲ್ಲಿ ಹೆಚ್ಚಿನ ಹಾವುಗಳಿಗೆ ವಿಷವಿಲ್ಲ. ವಿಷವಿರುವ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ. ಬದುಕಿದವರು ಮಂತ್ರದ ಮಹಿಮೆ ಊರೂರು ಸಾರುತ್ತಾರೆ. ಕೊಳಕುಮಂಡಲ ಕಚ್ಚಿ, ಇಂಜೆಕ್ಷನ್ನಿಗೆ ಹೊತ್ತು ಮೀರಿ ಸತ್ತವನು ಸಾಕ್ಷಿ ಹೇಳಲು ಬರುವುದಿಲ್ಲ. ತಮಿಳುನಾಡಿನ ಏರ್ವಾಡಿಯ ದರ್ಗಾಕ್ಕೆ ಮನಸ್ಸು ಕೆಟ್ಟವರನ್ನು ಗುಣವಾಗಲೆಂದು ಕರೆತರುತ್ತಿದ್ದರು. 2001ರ ಆಗಸ್ಟ್ 6ರಂದು ಅಲ್ಲಿನ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿದ್ದಾಗ 28 ಜನ ಸತ್ತರು. ಅವರನ್ನು ಸರಪಳಿಯಲ್ಲಿ ಕಟ್ಟಿದ್ದರು. ಇಂಥ ಸಾವುಗಳ ಮುಂದೆ 'ನಂಬಿಕೆ ಅವರವರ ಭಾವಕ್ಕೆ' ಎಂದು ಕೈಚೆಲ್ಲಲು ನನ್ನಿಂದಾಗದು.

ಪರೀಕ್ಷೆ ಎಂದರೆ ಹಂಗಿಸುವುದು ಎಂದುಕೊಂಡವರಿಗೆ ಖಗೋಳವಿಜ್ಞಾನಿ ಜಯಂತ ನಾರ್ಳೀಕರರ ಕೆಲಸ ನೆನಪಿಸುತ್ತೇನೆ. ಬುದ್ಧಿವಂತ ಮಕ್ಕಳ ನೂರು, ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳ ನೂರು ಜಾತಕ ಕೂಡಿಸಿ, ಯಾವುದು ಯಾರದೆಂದು ಹೇಳಿ ಎಂದು ಜ್ಯೋತಿಷಿಗಳಿಗೆ ಕಳಿಸಿದರು. ಉತ್ತರಿಸಿದ 27 ಜನರಲ್ಲಿ ಸರಿ ಬಿದ್ದದ್ದು ಸರಾಸರಿ ನೂರಕ್ಕೆ 46. ನಾಣ್ಯ ಚಿಮ್ಮಿದ್ದರೆ ಐವತ್ತು ಬರುತ್ತಿತ್ತು. ಯಾರ ಹೆಸರೂ ಕೆಡಲಿಲ್ಲ, ಯಾರ ಮನೆಯ ಮುಂದೆಯೂ ಗಲಾಟೆಯಾಗಲಿಲ್ಲ.

ಗಲಾಟೆ ಬೇರೆ ಕಡೆ ಆಗುತ್ತದೆ. ಯು.ಆರ್. ಅನಂತಮೂರ್ತಿಯವರು ಹುಡುಗನಾಗಿದ್ದಾಗ, ಊರವರು ಹೆದರುವ ದೆವ್ವದ ಕಲ್ಲಿನ ಮೇಲೆ ಗುಟ್ಟಾಗಿ ಉಚ್ಚೆ ಹೊಯ್ದು ಏನಾಗುತ್ತದೆಂದು ನೋಡಿದ್ದನ್ನು ಬರೆದುಕೊಂಡಿದ್ದಾರೆ. ಎಂಥ ಪ್ರಯೋಗ! 2014ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರು ಸಭೆಯಲ್ಲಿ ಆ ಪ್ರಸಂಗ ಎತ್ತಿದ್ದಕ್ಕೆ ದೂರು, ಪ್ರತಿಭಟನೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲೇ ಅವರಿಗೆ ಗುಂಡು ಹಾರಿಸಿದರು. ಪ್ರಶ್ನೆ ಕೇಳಬಾರದು ಎನ್ನುವವರ ಸಾಲಿನಲ್ಲಿ ಯಾರ್ಯಾರು ನಿಂತಿದ್ದಾರೆಂದು ಡಾಕ್ಟರಮ್ಮನವರು ಒಮ್ಮೆ ಹಿಂದೆ ತಿರುಗಿ ನೋಡಲಿ.

ವಿರೋಧ: ಅಳೆಯಬೇಕಾದ್ದು ದೇವರನ್ನಲ್ಲ

ಮಾಷ್ಟ್ರೇ, ತಿರುಗಿ ನೋಡಿದೆ. ಬಂದೂಕು ಹಿಡಿದವರ ಸಾಲಿನಲ್ಲಿ ನಾನಿಲ್ಲ. ಆ ಸಾಲಿನ ಹೆದರಿಕೆಗೆ ನಿಮ್ಮ ಸಾಲಿಗೆ ಬಂದು ಸೇರಿಕೊಳ್ಳಲೂ ಆಗುವುದಿಲ್ಲ. ನಿಮ್ಮ ಬರಹದಲ್ಲಿ ನನಗೆ ಹಿಡಿಸಿದ್ದು ನಿಮ್ಮ ಅಮ್ಮ. ಒದ್ದೆ ಬೆರಳು ನೋಡಿಯೂ 'ಕುಡಿದ ಹಾಗೇ ಇತ್ತಲ್ಲ' ಅಂದರಲ್ಲ, ಆ 'ಹಾಗೆ' ಅನ್ನುವುದರ ಒಳಗೆ ನೀವು ಇಳಿಯಲೇ ಇಲ್ಲ.

ನಮ್ಮ ಕಡೆ ಆಟಿ ತಿಂಗಳಲ್ಲಿ, ನಿಮ್ಮ ಆಷಾಢದ ಹೊತ್ತಿಗೆ, ಮದುವೆ ಮಾಡುವುದಿಲ್ಲ, ಬದುಕಿದ್ದವರದ್ದು. ಸತ್ತವರದ್ದು ಮಾಡುತ್ತೇವೆ. ಮದುವೆಯ ವಯಸ್ಸಿಗೆ ಬರುವ ಮೊದಲೇ ತೀರಿಕೊಂಡ ಮಗಳು ಕುಲೆಯಾಗಿ, ಅಂದರೆ ಪ್ರೇತವಾಗಿ, ಮನೆಯ ಸುತ್ತ ಇರುತ್ತಾಳೆ, ಬೆಳೆಯುತ್ತಾಳೆ, ಒಂದು ದಿನ ಅವಳಿಗೂ ಮದುವೆ ಬೇಕು. ಅಂಥದೇ ಮಗನನ್ನು ಕಳೆದುಕೊಂಡ ಇನ್ನೊಂದು ಮನೆ ಹುಡುಕಬೇಕು. ಜಾತಿ, ಬಳಿ (ನಮ್ಮ ಕಡೆಯ ಗೋತ್ರ) ಎಲ್ಲ ನೋಡಬೇಕು. 2024ರಲ್ಲಿ ನಮ್ಮ ಪುತ್ತೂರು ಕಡೆಯ ಒಂದು ಕುಟುಂಬ ಮೂವತ್ತು ವರ್ಷದ ಹಿಂದೆ ತೀರಿಹೋದ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ದೇಶವೆಲ್ಲ ನಕ್ಕಿತು. ನಾನು ಇಂಥ ಮದುವೆಗೆ ಹೋಗಿದ್ದೇನೆ. ಕುರ್ಚಿಯ ಮೇಲೆ ಸೀರೆ, ಪಕ್ಕದ ಕುರ್ಚಿಯ ಮೇಲೆ ಪಂಚೆ. ಧಾರೆ ಆಯಿತು, ಎಲೆ ಹಾಕಿ ಬಡಿಸಿದರು. ಹೆಣ್ಣಿನ ತಾಯಿ ಬೀಗಿತ್ತಿಯ ಹತ್ತಿರ 'ನಮ್ಮ ಹುಡುಗಿಗೆ ಸ್ವಲ್ಪ ಹಟ, ಸುಧಾರಿಸಿಕೊಳ್ಳಿ' ಅಂದರು. ಆ ಬೀಗಿತ್ತಿ ನಕ್ಕು, ಆಮೇಲೆ ಅತ್ತರು.

ಇಲ್ಲಿ ನಿಮ್ಮ ಒರೆಗಲ್ಲನ್ನು ಎಲ್ಲಿ ಇಡುತ್ತೀರಿ? ಮಗಳು ಸತ್ತದ್ದು ಆ ತಾಯಿಗೆ ನಮ್ಮ ನಿಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಕುರ್ಚಿಯ ಮೇಲೆ ಯಾರೂ ಇಲ್ಲ ಎಂದು ನೀವು ಸಾಬೀತು ಮಾಡಿದರೆ ಆಕೆ 'ಅದು ನಂಗೂ ಗೊತ್ತುಂಟು' ಅಂದಾರು, ನಿಮ್ಮ ಅಮ್ಮನ ಹಾಗೆಯೇ. ಅಲೌಕಿಕದ ನಂಬಿಕೆ ಎಂದು ನಾವು ಒಂದೇ ಚೀಲಕ್ಕೆ ತುಂಬುವುದರಲ್ಲಿ ಅರ್ಧ ಈ ಜಾತಿಯದು. ಹೊರಗಿನಿಂದ ನೋಡಿದರೆ ಲೋಕದ ಬಗ್ಗೆ ಏನೋ ಸಾಧಿಸಿದಂತೆ ಕಾಣುತ್ತದೆ. ಒಳಗೆ ನಡೆಯುತ್ತಿರುವುದು ಇಬ್ಬರು ತಾಯಂದಿರ ಮಾತುಕತೆ.

ನೀವು ಏರ್ವಾಡಿ ಹೇಳಿದಿರಿ. ಮನೋವೈದ್ಯರಾದ ನಮ್ಮಲ್ಲಿ ಯಾರೂ ಅದನ್ನು ಮರೆತಿಲ್ಲ. ಆದರೆ ಅದರ ಹಿಂದಿನ ವರ್ಷ, ಅದೇ ತಮಿಳುನಾಡಿನ ಇನ್ನೊಂದು ಹಳ್ಳಿಯ ಗುಡಿಯಲ್ಲಿ ನಿಮ್ಹಾನ್ಸ್ ವೈದ್ಯರು ಒಂದು ಕೆಲಸ ಮಾಡಿದರು. ಮನೋರೋಗವೆಂದು ಗುಡಿಗೆ ಬಂದು ಉಳಿದ 31 ಜನರನ್ನು ಬಂದಾಗಲೂ ಹೋಗುವಾಗಲೂ ಪರೀಕ್ಷಿಸಿದರು. ವಾರಗಟ್ಟಲೆ ಗುಡಿಯಲ್ಲಿದ್ದು, ಕಸ ಗುಡಿಸಿ, ಗಿಡಕ್ಕೆ ನೀರು ಹಾಕಿ, ಪೂಜೆಗೆ ನಿಂತವರ ರೋಗಲಕ್ಷಣ ಸುಮಾರು ನೂರಕ್ಕೆ 20ರಷ್ಟು ತಗ್ಗಿತ್ತು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಅಚ್ಚಾದ ಸಂಗತಿ. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ, ಅಷ್ಟು ದೊಡ್ಡ ಪ್ರಯೋಗವೂ ಅಲ್ಲ. ಹಾಗಾಗಿ ನಾನು ಮಾತ್ರೆ ಬರೆಯುವುದನ್ನು ನಿಲ್ಲಿಸಿಲ್ಲ. ಆದರೆ ಗಮನಿಸಿ: ಅವರು ಅಳೆದದ್ದು ದೇವರನ್ನಲ್ಲ, ರೋಗಿಯನ್ನು. ಗುಡಿಯಲ್ಲಿ ಶಕ್ತಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೇ ಹೋಗಲಿಲ್ಲ. ಬೈಯುವವರಿಲ್ಲದೆ, ಮನೆಯವರು ಜೊತೆಗಿದ್ದಾಗ ಮನುಷ್ಯ ಹೇಗಾಗುತ್ತಾನೆಂದು ನೋಡಿದರು.

ನನ್ನ ಒಪಿಡಿಗೆ ಬರುವವರು ಮೊದಲು ಕೇಳುವುದು 'ಡಾಕ್ಟ್ರೇ, ಇದು ಸೋಂಕಾ, ಕಾಯಿಲೆಯಾ?' ಎಂದು. ಸೋಂಕೆಂದರೆ ದೆವ್ವ ಮೆಟ್ಟಿಕೊಳ್ಳುವುದು. ಕೆಲಸ ಶುರು ಮಾಡಿದ ಹೊಸತರಲ್ಲಿ 'ಸೋಂಕು ಎಲ್ಲ ಸುಳ್ಳು' ಎನ್ನುತ್ತಿದ್ದೆ. ತಲೆ ಆಡಿಸಿ ಹೋದವರು ಮರಳಿ ಬರುತ್ತಿರಲಿಲ್ಲ. ಈಗ 'ಸೋಂಕಿಗೆ ಏನು ಬೇಕೋ ನೀವು ಮಾಡಿ, ಕಾಯಿಲೆಗೆ ಇದನ್ನು ರಾತ್ರಿ ಊಟದ ಮೇಲೆ ಕೊಡಿ' ಎನ್ನುತ್ತೇನೆ. ಬರುತ್ತಾರೆ. ಇದು ಸುಳ್ಳಿಗೆ ಶರಣಾಗುವುದು ಎಂದು ನೀವು ಹೇಳುವುದು ಗೊತ್ತುಂಟು.

ಇನ್ನು ಪರೀಕ್ಷೆ ಯಾರ ಮೇಲೆ ನಡೆಯುತ್ತದೆ ಎಂಬುದು. ಎಚ್ಚೆನ್ ಅವರ ಬಗ್ಗೆ ನನಗೂ ಗೌರವ ಉಂಟು. ಅವರು ದೊಡ್ಡವರನ್ನೇ ಕೇಳಿದರು. ಆದರೆ ದೊಡ್ಡವರು ಪತ್ರಕ್ಕೆ ಉತ್ತರಿಸಲಿಲ್ಲ. ಸಮಿತಿಯ ಕೈಗೆ ಸಿಕ್ಕಿದ್ದು ಮೈಯಿಂದ ವಿಭೂತಿ ಉದುರಿಸುತ್ತಾನೆಂದು ಹೆಸರಾಗಿದ್ದ ಪಾಂಡವಪುರದ ಒಬ್ಬ ಪುಟ್ಟ ಹುಡುಗ. ಬಟ್ಟೆಯೊಳಗೆ ಬಚ್ಚಿಟ್ಟಿದ್ದ ವಿಭೂತಿ ಹೊರಬಿತ್ತು. ನೀವು ಆ ಹುಡುಗನ ಹೆಸರೆತ್ತಲಿಲ್ಲ, ಒಳ್ಳೆಯದೇ ಆಯಿತು. ಅವನ ಸಂಗತಿಯನ್ನೇ ಎತ್ತಲಿಲ್ಲವಲ್ಲ, ಯಾಕೆ? ಕಾನೂನೂ ಹೀಗೆಯೇ. ಅಮಾನವೀಯ ಆಚರಣೆಗಳ ವಿರುದ್ಧ ನಮ್ಮ ರಾಜ್ಯದ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನ ನಿಂತರೆ ನನಗೆ ಸಂತೋಷವೇ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆಯುವುದು ಅಪರಾಧ ಎಂದದ್ದಕ್ಕೆ ಕೈ ಮುಗಿಯುತ್ತೇನೆ. ಆದರೆ ಜ್ಯೋತಿಷ್ಯ, ವಾಸ್ತು ಆ ಕಾಯ್ದೆಯ ಹೊರಗೆ. ನಿಮ್ಮ ನಾರ್ಳೀಕರರು ನೂರಕ್ಕೆ 46 ಕೊಟ್ಟು ಫೇಲು ಮಾಡಿದ ಶಾಸ್ತ್ರ ಟೈ ಕಟ್ಟಿ ಟಿವಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಕೂತಿದೆ. ಹರಕೆಗೆ ಕೋಳಿ ಕೊಯ್ಯುವ ಬಡವ ಪೊಲೀಸರನ್ನು ಕಂಡರೆ ಹೆದರುತ್ತಾನೆ.

ಪರೀಕ್ಷೆಯಿಂದ ನಂಬಿಕೆ ಹೋಗುತ್ತದೆಂಬುದಕ್ಕೂ ಆಧಾರ ಸಾಲದು. ಶಬರಿಮಲೆಯ ಮಕರಜ್ಯೋತಿಗೆ ನಮ್ಮ ರಾಜ್ಯದವರೂ ಮಾಲೆ ಹಾಕಿ ಹೋಗುತ್ತಾರಲ್ಲ. 2011ರ ಜನವರಿ 14ರಂದು ಪುಲ್ಲುಮೇಡಿನಲ್ಲಿ ಅದನ್ನು ನೋಡಿ ಮರಳುವಾಗ ಕಾಲ್ತುಳಿತಕ್ಕೆ ನೂರಕ್ಕೂ ಹೆಚ್ಚು ಜನ ಸತ್ತರು. ಆ ಬೆಳಕು ಕಾಣುವ ಪೊನ್ನಂಬಲಮೇಡಿನಲ್ಲಿ ದೀಪ ಹಚ್ಚುವುದು ಮನುಷ್ಯರೇ ಎಂದು ದೇವಸ್ವಂ ಮಂಡಳಿ ಆಮೇಲೆ ಹೈಕೋರ್ಟಿನಲ್ಲಿ ಒಪ್ಪಿಕೊಂಡಿತು. ಇದಕ್ಕಿಂತ ದೊಡ್ಡ ಬಯಲು ಮಾಡುವಿಕೆ ಉಂಟೇ? ಮರುವರ್ಷವೂ ಕತ್ತೆತ್ತಿ ಕಾದು ನಿಂತವರಿದ್ದರು. ಅವರು ದಡ್ಡರಲ್ಲ. ದೀಪ ಹಚ್ಚಿದ್ದು ಯಾರೆಂಬುದು ಅವರ ಪ್ರಶ್ನೆಯಾಗಿರಲಿಲ್ಲ. ಆ ಗುಂಪಿಗೆ ಬೇಕಾಗಿದ್ದದ್ದು ಅಗಲವಾದ ದಾರಿ, ಬೆಳಕು, ಪೊಲೀಸರು.

ಅನಂತಮೂರ್ತಿಯವರ ಹುಡುಗಾಟ ಹೇಳಿದಿರಿ. ಅವರ 'ಬೆತ್ತಲೆ ಪೂಜೆ ಯಾಕೆ ಕೂಡದು' ಪ್ರಬಂಧದಲ್ಲಿ ಇನ್ನೊಂದು ಕಲ್ಲೂ ಬರುತ್ತದೆ. ಚಿತ್ರಕಾರನೊಬ್ಬ ಫೋಟೋ ತೆಗೆಯಲೆಂದು ರೈತನ ಗುಡಿಸಲಿನ ಕುಂಕುಮದ ಕಲ್ಲನ್ನು ಬಿಸಿಲಿಗೆ ತರಿಸಿ, ಆಮೇಲೆ ಮೈಲಿಗೆ ಮಾಡಿದೆನೇನೋ ಎಂದು ನೊಂದುಕೊಂಡ. ರೈತನಿಗೆ ಏನೂ ಅನಿಸಲಿಲ್ಲ. ಬೇರೆ ಕಲ್ಲು ತಂದು ಕುಂಕುಮ ಹಚ್ಚಿದರಾಯಿತು. ಅನಂತಮೂರ್ತಿಯವರು ಹುಡುಗನಾಗಿ ಕೇಳಿದ ಪ್ರಶ್ನೆಗೂ ದೊಡ್ಡವರಾಗಿ ಕೇಳಿದ ಪ್ರಶ್ನೆಗೂ ನಡುವೆ ಅಷ್ಟು ದೂರ ಉಂಟು. ದೇವರನ್ನು ನಂಬದ ಶಿವರಾಮ ಕಾರಂತರು ತಮ್ಮ ಕಾದಂಬರಿಯಲ್ಲಿ, ಹಿಂದಿನದೆಲ್ಲ ಕಣ್ಣಿಗೆ ಕಟ್ಟುವ ಮೂಕಜ್ಜಿಯ ಬಾಯಿಂದಲೇ ದೇವರನ್ನು ವಿಚಾರಿಸಿದರು. ಅಜ್ಜಿಗೆ ಆ ಶಕ್ತಿ ಎಲ್ಲಿಂದ ಬಂತೆಂದು ಪ್ರಮಾಣಪತ್ರ ಕೇಳಲಿಲ್ಲ.

ಮೇಷ್ಟ್ರ ಮರುಮಾತು

ಡಾಕ್ಟರಮ್ಮ, ಪಾಂಡವಪುರದ ಹುಡುಗನನ್ನು ಬಿಟ್ಟದ್ದು ಮರೆವಿನಿಂದಲ್ಲ, ಮುಜುಗರದಿಂದ. ಒಪ್ಪಿದೆ. ಅವನ ಬಟ್ಟೆಯೊಳಗೆ ವಿಭೂತಿ ಇಟ್ಟ ಕೈ ಯಾವುದೆಂದು ಕೇಳಬೇಕಿತ್ತು. ನಿಮ್ಮ ಪ್ರೇತಮದುವೆಗೂ ನನ್ನದು ಅದೇ ಪ್ರಶ್ನೆ: ಇಬ್ಬರು ತಾಯಂದಿರ ಮಾತಿಗೆ ನನ್ನ ತಕರಾರಿಲ್ಲ, ಆದರೆ 'ಮನೆಯ ಕಷ್ಟಕ್ಕೆಲ್ಲ ಸತ್ತ ಮಗಳೇ ಕಾರಣ' ಎಂದು ಆ ತಾಯಿಗೆ ಮೊದಲು ಹೇಳಿದವರು ಯಾರು, ಹೇಳಿದ್ದಕ್ಕೆ ಎಷ್ಟು ತೆಗೆದುಕೊಂಡರು?

ಸಂಕ್ರಾಂತಿಗೆ ಬೆಂಗಳೂರಿಗೆ ಬನ್ನಿ. ಗವಿಗಂಗಾಧರೇಶ್ವರನ ಗುಡಿಯಲ್ಲಿ ನಂದಿಯ ಕೊಂಬಿನ ನಡುವೆ ಹಾದು ಬಿಸಿಲು ಲಿಂಗವನ್ನು ಮುಟ್ಟುವುದನ್ನು ತೋರಿಸುತ್ತೇನೆ. ಅದು ಜನವರಿಯಲ್ಲಿ ಮಾತ್ರವಲ್ಲ, ನವೆಂಬರ್ ಕೊನೆಗೂ ಆಗುತ್ತದೆಂದು ಖಗೋಳ ಬಲ್ಲವರು 2008ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಗೊತ್ತಾದ ಮೇಲೆ ನಾನು ವರ್ಷಕ್ಕೆ ಎರಡು ಸಲ ಹೋಗುತ್ತಿದ್ದೇನೆ.

ನಿಮ್ಮ ಆಟಿಯ ಮದುವೆಗೂ ಕರೆಯಿರಿ, ಬರುತ್ತೇನೆ. ಮದುವೆಯಾಗದವರು ಅದನ್ನು ನೋಡಿದರೆ ಅವರ ಮದುವೆ ತಡವಾಗುತ್ತದೆ ಎಂದು ಒಳಗೆ ಬಿಡುವುದಿಲ್ಲವಂತೆ. ನನಗೆ ಎಪ್ಪತ್ತೊಂದು, ಇನ್ನೂ ಬ್ರಹ್ಮಚಾರಿ. ಈ ಪರೀಕ್ಷೆಗೆ ನನಗಿಂತ ಒಳ್ಳೆಯ ಮಾದರಿ ನಿಮಗೆ ಸಿಗಲಿಕ್ಕಿಲ್ಲ.